ಪಾಯಕ್ಕೆ ಮಣ್ಣು ತುಂಬುವ ಮೊದಲೇ ನೆಲದೊಳಗಿನ ಪೈಪು, ಕೇಬಲ್ ಲೆಕ್ಕ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ತಿಪಟೂರು ಕಡೆ ತೆಂಗಿನ ತೋಟದಲ್ಲಿ ಮನೆ. ಕರೆಂಟ್ ಕಂಬ ಗೇಟಿನ ಹತ್ತಿರ, ಅಲ್ಲಿಂದ ಮನೆಗೆ ಸುಮಾರು 200 ಅಡಿ. ಬೋರ್‌ವೆಲ್ ಮನೆಯ ಹಿಂದೆ 150 ಅಡಿ ದೂರ. ಸೈಜುಕಲ್ಲಿನ ಪಾಯ ಎದ್ದಿದೆ, ಇನ್ನು ಪ್ಲಿಂತ್ ಬೀಮ್, ಅಂದರೆ ಪಾಯದ ಕಲ್ಲಿನ ಮೇಲೆ ಬರುವ ಕಾಂಕ್ರೀಟ್ ತೊಲೆ, ಹಾಕಬೇಕು. ತಂತಿ ಯಾವುದೂ ಮೇಲೆ ನೇತಾಡಬಾರದು, ಎಲ್ಲ ನೆಲದೊಳಗೇ ಹೋಗಬೇಕು ಅನ್ನುವುದು ನಿಮ್ಮ ಆಸೆ. ಮೇಸ್ತ್ರಿ ಮಾತ್ರ "ಪೈಪು ವೈರು ಎಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ ಸಾರ್" ಅನ್ನುತ್ತಿದ್ದಾರೆ.

ಆಸೆ ಸರಿಯಾಗಿದೆ. ತೆಂಗಿನ ತೋಟದಲ್ಲಿ ಒಂದು ಗರಿ ಬಿದ್ದರೆ ಸಾಕು, ಸರ್ವಿಸ್ ವೈರ್ ಕಿತ್ತು ಬರುತ್ತದೆ. ಆದರೆ ಮೇಸ್ತ್ರಿಯ "ಆಮೇಲೆ"ಗೆ ಒಪ್ಪಬೇಡಿ. ಪಾಯದೊಳಗೆ ಮಣ್ಣು ತುಂಬಿ, ದಮ್ಮಸು ಮಾಡಿ, ನೆಲದಡಿಯ ಬೆಡ್ ಕಾಂಕ್ರೀಟ್ ಹಾಕಿದ ಮೇಲೆ ಒಂದು ಪೈಪ್ ಒಳಗೆ ತರಬೇಕು ಅಂದರೆ ಕಲ್ಲು ಒಡೆಯಬೇಕು, ಇಲ್ಲವೇ ಬೀಮ್ ಕೊರೆಯಬೇಕು. ಇನ್ನೊಂದು ವಿಷಯವೂ ಇದೆ. ಗೆದ್ದಲಿನ ಔಷಧಿ ಹೊಡೆಸುತ್ತೀರಿ ಅಲ್ವಾ? ಅದನ್ನು ಹೊಡೆದ ಮೇಲೆ ಮತ್ತೆ ಅಗೆದರೆ ಆ ಜಾಗದಲ್ಲಿ ಔಷಧಿಯ ಪದರ ಹರಿದುಹೋಗುತ್ತದೆ, ಗೆದ್ದಲು ಅಲ್ಲಿಂದಲೇ ಏರುತ್ತದೆ. ಹಾಗಾಗಿ ಮೊದಲು ಪೈಪು, ಆಮೇಲೆ ಔಷಧಿ, ಆಮೇಲೆ ಬೆಡ್ ಕಾಂಕ್ರೀಟ್.

ಈಗ ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಜಾಸ್ತಿ ಜನ ಕರೆಂಟಿನಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಕಕ್ಕಸಿನ ಪೈಪಿನಿಂದ ಶುರು ಮಾಡಿ ಅಂತ. ಕೇಬಲ್ ಮೇಲೆ ಹೋಗುತ್ತದೆ, ಕೆಳಗೆ ಹೋಗುತ್ತದೆ. ನೀರಿನ ಪೈಪಿಗೆ ಮೋಟರಿನ ಒತ್ತಡ ಇದೆ, ಅದೂ ಹೇಗೆ ಬೇಕಾದರೂ ತಿರುಗುತ್ತದೆ. ಕೊಳಚೆ ಪೈಪಿಗೆ ಇಳಿಜಾರು ಬಿಟ್ಟರೆ ಬೇರೆ ಶಕ್ತಿ ಇಲ್ಲ. ಅದರ ಲೆವೆಲ್ ಮೊದಲು ನಿಂತುಬಿಡಲಿ, ಉಳಿದವು ಅದಕ್ಕೆ ಹೊಂದಿಕೊಳ್ಳುತ್ತವೆ.

ಲೆಕ್ಕ ಸುಲಭ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು. 6 ಇಂಚಿನದ್ದಕ್ಕೆ 60 ಅಡಿಗೆ 1 ಅಡಿ. ನಿಮ್ಮ ಕೊನೆಯ ಕಕ್ಕಸಿನಿಂದ ಸೆಪ್ಟಿಕ್ ಟ್ಯಾಂಕಿಗೆ 60 ಅಡಿ ಅಂತ ಇಟ್ಟುಕೊಳ್ಳಿ. 4 ಇಂಚಿನ ಪೈಪ್ ಆದರೆ ಒಂದೂವರೆ ಅಡಿ ಇಳಿಯಬೇಕು. ಮನೆಯಿಂದ ಹೊರಬರುವಾಗ ಪೈಪ್ ನೆಲಕ್ಕಿಂತ 1 ಅಡಿ ಕೆಳಗಿದ್ದರೆ ಟ್ಯಾಂಕ್ ಸೇರುವಾಗ ಎರಡೂವರೆ ಅಡಿ ಕೆಳಗಿರುತ್ತದೆ. ಟ್ಯಾಂಕಿನಿಂದ ಹೊರಹೋಗುವ ಪೈಪ್ ಒಳಬರುವ ಪೈಪಿಗಿಂತ 2 ಇಂಚು ಕೆಳಗೆ, ಅಲ್ಲಿಂದ ಇಂಗುಗುಂಡಿಗೆ ಮತ್ತೆ ಇಳಿಜಾರು. ನಿಮ್ಮ ಜಮೀನು ಮನೆಯಿಂದ ಟ್ಯಾಂಕ್ ಬರುವ ಕಡೆಗೆ ಇಳಿದಿದೆಯಾ, ಏರಿದೆಯಾ? ಏರಿದ್ದರೆ ಈ ಗುಂಡಿಗಳು ಇನ್ನೂ ಆಳಕ್ಕೆ ಹೋಗುತ್ತವೆ. ಕಣ್ಣಂದಾಜು ಬೇಡ, ಮೇಸ್ತ್ರಿ ಹತ್ತಿರ ಇರುವ ಲೆವೆಲ್ ಟ್ಯೂಬಿನಲ್ಲಿ ನೀರು ತುಂಬಿ ಹಿಡಿಸಿ. ಅರ್ಧ ಗಂಟೆಯ ಕೆಲಸ.

ಸೆಪ್ಟಿಕ್ ಟ್ಯಾಂಕ್ ಎಲ್ಲಿ ಅಂತ ನೀವು ಬರೆದಿಲ್ಲ. ಬೋರ್‌ವೆಲ್ ಹಿಂದೆ ಇರುವುದರಿಂದ ಇಂಗುಗುಂಡಿ ಬೇರೆ ದಿಕ್ಕಿಗೆ ಹೋಗಲಿ. ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಅಂದರೆ 60 ಅಡಿ, ಕನಿಷ್ಠ ದೂರ ಇರಬೇಕು. ಜಾಗ ಇರುವ ನೀವು ಅದಕ್ಕಿಂತ ಜಾಸ್ತಿಯೇ ಬಿಡಿ. ಬಚ್ಚಲು ಮತ್ತು ಅಡುಗೆಮನೆ ನೀರನ್ನು ಟ್ಯಾಂಕಿಗೆ ಸೇರಿಸಬೇಡಿ. ಬೇರೆ ಪೈಪಿನಲ್ಲಿ ತೆಗೆದು, ಅಡುಗೆಮನೆ ಕಡೆ ಜಿಡ್ಡು ನಿಲ್ಲುವ ಒಂದು ಸಣ್ಣ ಚೇಂಬರ್ ಕಟ್ಟಿ, ಕಾಬಾಳೆ (ಕ್ಯಾನಾ ಹೂವಿನ ಗಿಡ) ಪಾತಿ ದಾಟಿಸಿ ಬಾಳೆಗೋ ತೆಂಗಿಗೋ ಬಿಡಿ. ತೋಟ ಇದ್ದವರು ಆ ನೀರನ್ನು ಗುಂಡಿಗೆ ಇಳಿಸುವುದು ನನಗಂತೂ ಒಪ್ಪಿಗೆ ಇಲ್ಲ.

ತಿರುವು ಇದ್ದಲ್ಲೆಲ್ಲ ಚೇಂಬರ್ ಬರಲಿ. ನೆಲದೊಳಗೆ ಎಲ್ಬೋ ಹಾಕಿ ಮುಚ್ಚಿಬಿಟ್ಟರೆ ಪೈಪ್ ಕಟ್ಟಿಕೊಂಡ ದಿನ ಯಾವ ಕಡೆಯಿಂದಲೂ ಕೋಲು ತೂರಿಸಲು ಆಗುವುದಿಲ್ಲ. ಇನ್ನು ತೆಂಗಿನ ಬೇರು. ಅದು ಗಟ್ಟಿ ಪೈಪನ್ನು ಒಡೆಯುವುದಿಲ್ಲ, ಆದರೆ ಜಾಯಿಂಟಿನಲ್ಲಿ ಸ್ವಲ್ಪ ಜಿನುಗಿದರೂ ಅಲ್ಲಿಗೆ ಬಂದು ಒಳಗೆ ಪೊದೆಯಾಗಿ ಬೆಳೆಯುತ್ತದೆ. ಪೈಪ್ ಅಂಟಿಸುವ ಸಾಲ್ವೆಂಟ್ ಹಚ್ಚುವ ಮೊದಲು ಮಣ್ಣು, ಒದ್ದೆ ಒರೆಸುತ್ತಾರಾ ಅಂತ ನಿಂತು ನೋಡಿ. ಮುಚ್ಚುವ ಮೊದಲು ಕೆಳಗಿನ ತುದಿಗೆ ಬಿರಡೆ ಕೊಟ್ಟು ಪೈಪ್ ತುಂಬ ನೀರು ನಿಲ್ಲಿಸಿ. ರಾತ್ರಿ ಕಳೆದು ಬೆಳಗ್ಗೆಯೂ ನೀರು ಅಷ್ಟೇ ಇದ್ದರೆ ಮಣ್ಣು ಎಳೆಯಿರಿ.

ಪಾಯದಲ್ಲಿ ಬಿಡಬೇಕಾದ ತೂತುಗಳ ವಿಷಯ ಈ ವಾರವೇ ತೀರ್ಮಾನ ಆಗಬೇಕು. ಹಾಯಿಸುವ ಪೈಪಿಗಿಂತ ಒಂದು ಸೈಜ್ ದೊಡ್ಡ ಪೈಪಿನ ತುಂಡನ್ನು ಕಲ್ಲಿನ ನಡುವೆ ಕೂರಿಸಿ. 4 ಇಂಚಿನದ್ದಕ್ಕೆ 6 ಇಂಚಿನ ತುಂಡು. ಕಟ್ಟಡ ಕೂರುವಾಗ ಕಲ್ಲಿನ ಭಾರ ಒಳಗಿನ ಪೈಪಿನ ಮೇಲೆ ಬೀಳದ ಹಾಗೆ ಸುತ್ತ ಜಾಗ ಇರಬೇಕು. ಆ ಸಂದಿಗೆ ಸಿಮೆಂಟ್ ಮೆತ್ತಬೇಡಿ, ಫೋಮ್ ಅಥವಾ ಸೀಲೆಂಟ್ ತುಂಬಿ. ತೂತು ಬೀಮಿನ ಕೆಳಗೆ ಬರಲಿ. ಬೀಮಿನೊಳಗೇ ಹಾಯಬೇಕಾಗಿ ಬಂದರೆ ಎಂಜಿನಿಯರ್ ಒಪ್ಪಿದ ಜಾಗದಲ್ಲಿ ಮಾತ್ರ. ಕಂಬಿ ಕತ್ತರಿಸಲು ಯಾರಿಗೂ ಬಿಡಬೇಡಿ. ಮತ್ತೆ, ಈಗ ಬೇಕಾದಷ್ಟೇ ತೂತು ಬಿಡಬೇಡಿ. ಮುಂದೆ ಒಂದು, ಹಿಂದೆ ಒಂದು ಖಾಲಿ ಇರಲಿ, ಎರಡೂ ತುದಿಗೆ ಮುಚ್ಚಳ ಹಾಕಿ. ನಾಳೆ ಸೋಲಾರ್, ಕಾರ್ ಚಾರ್ಜರ್, ಕೊಟ್ಟಿಗೆಗೆ ಲೈಟು ಅಂತ ಏನಾದರೂ ಬಂದೇ ಬರುತ್ತದೆ.

ಈಗ ಕರೆಂಟ್. ಅಗೆಯುವ ಮೊದಲು ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಒಂದು ಮಾತು ಕೇಳಿ: ಮೀಟರ್ ಗೇಟಿನಲ್ಲಿ ಬರಬೇಕಾ, ಮನೆ ಗೋಡೆಗಾ? ಅದರ ಮೇಲೆ ಇಡೀ ದಾರಿ ನಿಂತಿದೆ. ಅರ್ಜಿ ಹಾಕಲು ಲೈಸೆನ್ಸ್ ಇರುವ ಗುತ್ತಿಗೆದಾರ ಹೇಗೂ ಬೇಕು, ಅವರನ್ನು ಈಗಲೇ ಜಾಗಕ್ಕೆ ಕರೆಸಿ. ಮೀಟರ್ ಗೇಟಿನಲ್ಲಿ ಬಂದರೆ ಅಲ್ಲೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇರಲಿ. ಮನೆಯೊಳಗಿನ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಕಡ್ಡಾಯ ಅಂತ ತಿಳಿಯಿರಿ.

ಕೇಬಲ್ ಆರ್ಮರ್ಡ್ ಆಗಿರಲಿ. ಒಳಗೆ ಕಬ್ಬಿಣದ ಕವಚ ಇರುವಂಥದ್ದು. ಪೈಪಿನೊಳಗೆ ಹೋಗುತ್ತದಲ್ಲ, ಸಾದಾ ವೈರ್ ಸಾಕು ಅಂತ ಯಾರಾದರೂ ಹೇಳಿದರೆ ನಮ್ಮ ತೋಟದ ಹೆಗ್ಗಣಗಳನ್ನು ನೆನಪಿಸಿ. 200 ಅಡಿಗೆ ಸೈಜ್ ಹೇಗೆ ನೋಡುವುದು? ಮನೆಗೆ 5 ಕಿಲೋವ್ಯಾಟ್ ಲೋಡ್, ಸಿಂಗಲ್ ಫೇಸ್ ಅಂದರೆ ಸುಮಾರು 22 ಆಂಪಿಯರ್. 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಆದರೆ ದಾರಿಯಲ್ಲೇ ಸುಮಾರು 8 ವೋಲ್ಟ್ ಹೋಗುತ್ತದೆ. 16 ಆದರೆ ಸುಮಾರು 5. ಹಳ್ಳಿ ಲೈನಿನಲ್ಲಿ ಸಂಜೆ ಹೊತ್ತು ವೋಲ್ಟೇಜ್ ಮೊದಲೇ ಬಿದ್ದಿರುತ್ತದೆ, ಇರುವುದನ್ನೂ ಕೇಬಲಿನಲ್ಲಿ ಕಳೆದುಕೊಳ್ಳುವುದು ಯಾಕೆ? 16ರದ್ದೇ ತಗೊಳ್ಳಿ, ಅದರಲ್ಲೂ 4 ಕೋರಿನದ್ದು, ಅಂದರೆ ಒಳಗೆ ನಾಲ್ಕು ತಂತಿ ಇರುವುದು. ಈಗ ಎರಡು ಕೋರ್ ಬಳಸಿದರೂ ಮುಂದೆ ತ್ರೀ ಫೇಸ್ ತೆಗೆದುಕೊಂಡ ದಿನ ಮತ್ತೆ ಅಗೆಯುವುದು ತಪ್ಪುತ್ತದೆ.

ಆಳ ಎರಡೂವರೆ ಅಡಿ. ಟ್ರ್ಯಾಕ್ಟರ್, ಲಾರಿ ಹಾಯುವ ದಾರಿಯಲ್ಲಿ ಮೂರು ಅಡಿ ದಾಟಲಿ. ಕೆಳಗೆ 3 ಇಂಚು ಮರಳು ಅಥವಾ ಕಲ್ಲಿಲ್ಲದ ಸೋಸಿದ ಮಣ್ಣು, ಅದರ ಮೇಲೆ ಕೇಬಲ್, ಮತ್ತೆ 3 ಇಂಚು ಮರಳು, ಅದರ ಮೇಲೆ ಅಡ್ಡಡ್ಡ ಇಟ್ಟಿಗೆ ಸಾಲು. ಇಟ್ಟಿಗೆಯಿಂದ ಒಂದಡಿ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಹಾಸಿ. ಜೆಸಿಬಿಯವನಿಗೆ ಕೇಬಲ್ ಸಿಗುವ ಮೊದಲು ಪಟ್ಟಿ ಸಿಗಬೇಕು.

ಕೇಬಲನ್ನು ನೇರ ಮಣ್ಣಿಗೆ ಹಾಕಬೇಕಾ, ಡಕ್ಟಿನೊಳಗಾ (ಕೇಬಲ್ ಹಾಯಿಸುವ ಪೈಪಿನೊಳಗಾ) ಅಂತ ಕೇಳಿದ್ದೀರಿ. ಆರ್ಮರ್ಡ್ ಕೇಬಲ್ ನೇರ ಮಣ್ಣಿನಲ್ಲೂ ಇರುತ್ತದೆ, ಹಾಗೆ ಹಾಕಿದರೆ ಅದಕ್ಕೆ ತಂಪೂ ಜಾಸ್ತಿ. ಹಣ ಉಳಿಸಬೇಕಾದರೆ ತೋಟದ ನಡುವೆ ನೇರ ಹಾಕಿ. ದಾರಿ ದಾಟುವ ಕಡೆ, ಪಾಯದ ಕೆಳಗೆ, ಮುಂದೆ ಕಾಂಕ್ರೀಟ್ ಅಥವಾ ಕಲ್ಲುಹಾಸು ಬರುವ ಕಡೆ ಮಾತ್ರ ಡಕ್ಟ್ ಬೇಕೇ ಬೇಕು. ನನ್ನನ್ನು ಕೇಳಿದರೆ ಪೂರ್ತಿ 200 ಅಡಿಗೂ ಡಕ್ಟ್ ಹಾಕಿ ಅನ್ನುತ್ತೇನೆ. ಕೇಬಲ್ ಕೆಟ್ಟರೆ ಎಳೆದು ಬದಲಾಯಿಸಬಹುದು. ಇದಕ್ಕೆ ಸಾದಾ ಪಿವಿಸಿಗಿಂತ ಡಿಡಬ್ಲ್ಯುಸಿ ಪೈಪ್ ಒಳ್ಳೆಯದು. ಹೊರಗೆ ಏಣು ಏಣಾಗಿ, ಒಳಗೆ ನುಣ್ಣಗೆ ಇರುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಅದು. ಮೇಲಿನ ಭಾರ ತಡೆಯುತ್ತದೆ, ಸುರುಳಿಯಲ್ಲಿ ಬರುವುದರಿಂದ ಜಾಯಿಂಟೂ ಕಡಿಮೆ. ಒಳಗಿನ ಜಾಗದಲ್ಲಿ ಕೇಬಲ್ ನೂರಕ್ಕೆ 40 ಭಾಗಕ್ಕಿಂತ ಜಾಸ್ತಿ ತುಂಬಬಾರದು, ಇಲ್ಲದಿದ್ದರೆ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ.

ಡಕ್ಟ್ ಕೆಡುವುದು ತಿರುವಿನಲ್ಲಿ. ಪ್ಲಂಬರ್ ಅಭ್ಯಾಸಬಲದಿಂದ ಎಲ್ಬೋ ಹಾಕಿಬಿಡುತ್ತಾನೆ. ನೀರು ತಿರುಗುತ್ತದೆ, 4 ಕೋರಿನ ಕೇಬಲ್ ತಿರುಗುವುದಿಲ್ಲ. ಕೇಬಲಿನ ದಪ್ಪದ 12 ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು, ನಿಮ್ಮ ಕೇಬಲಿಗೆ ಸುಮಾರು ಒಂದಡಿ ಆಗುತ್ತದೆ. ಉದ್ದನೆಯ ಬೆಂಡ್ ಬಳಸಿ, ಇಲ್ಲವೇ ತಿರುವಿನಲ್ಲಿ ಎರಡಡಿ ಚೌಕದ ಇಟ್ಟಿಗೆ ಚೇಂಬರ್ ಕಟ್ಟಿ. ನೇರ ದಾರಿಯಲ್ಲೂ 100 ಅಡಿಗೆ ಒಂದು ಚೇಂಬರ್ ಇದ್ದರೆ ಎಳೆಯುವವರಿಗೆ ಸುಲಭ. ಚೇಂಬರಿನ ತಳಕ್ಕೆ ಕಾಂಕ್ರೀಟ್ ಬೇಡ, ಜಲ್ಲಿ ಸುರಿಯಿರಿ, ನೀರು ಇಂಗಲಿ. ಪ್ರತಿ ಡಕ್ಟಿನಲ್ಲೂ ಒಂದು ನೈಲಾನ್ ಹಗ್ಗ ಉಳಿಯಬೇಕು. ಕೇಬಲ್ ಎಳೆಯುವಾಗ ಅದರ ಜೊತೆಗೇ ಮತ್ತೊಂದು ಹೊಸ ಹಗ್ಗ ಕಟ್ಟಿ ಎಳೆಯಿರಿ, ಆಗ ಮುಂದಿನವರಿಗೂ ಹಗ್ಗ ಸಿಗುತ್ತದೆ. ಡಕ್ಟಿಗೆ ಮನೆಯಿಂದ ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು ಇರಲಿ, ಮಳೆನೀರು ಮನೆಗೆ ಬರಬಾರದು. ಕೆಲಸ ಮುಗಿದ ಮೇಲೆ ಎರಡೂ ತುದಿ ಫೋಮ್ ಹಾಕಿ ಮುಚ್ಚಿ. ತೆರೆದ ಡಕ್ಟ್ ಅಂದರೆ ಇಲಿಗೂ ಹಾವಿಗೂ ಮನೆಯೊಳಕ್ಕೆ ಹಾಕಿಕೊಟ್ಟ ಸುರಂಗ.

ಇಂಟರ್ನೆಟ್, ಗೇಟಿನ ಕ್ಯಾಮೆರಾ, ಕಾಲಿಂಗ್ ಬೆಲ್ಲಿಗೆ ಬೇರೆ ಡಕ್ಟ್. ಕರೆಂಟಿನ ಡಕ್ಟಿನಿಂದ ಒಂದಡಿ ದೂರ, ಅದೇ ಗುಂಡಿಯಲ್ಲಿ ಆಗಬಹುದು. ಒಂದೂವರೆ ಇಂಚಿನದ್ದು ಸಾಕು. ಗೇಟಿಗೆ ತಾಮ್ರದ ಕ್ಯಾಟ್ 6 ವೈರ್ 100 ಮೀಟರ್‌ವರೆಗೆ ಎಳೆಯಬಹುದು, ನಿಮ್ಮದು ಅದರೊಳಗೇ ಇದೆ. ಆದರೂ ನಾನು ಫೈಬರ್ ಹಾಕಿ ಅನ್ನುತ್ತೇನೆ. ಬಯಲಿನ ತೋಟದಲ್ಲಿ ಸಿಡಿಲು ಹತ್ತಿರದ ಮರಕ್ಕೆ ಬಿದ್ದರೂ ಉದ್ದನೆಯ ತಾಮ್ರದ ವೈರಿನಲ್ಲಿ ವೋಲ್ಟೇಜ್ ಚಿಮ್ಮಿ ಎರಡೂ ಕಡೆಯ ಪೆಟ್ಟಿಗೆಗಳು ಸುಡುತ್ತವೆ. ಗಾಜಿನ ಎಳೆಯಲ್ಲಿ ಆ ತಂಟೆ ಇಲ್ಲ. ಕರೆಂಟ್ ಬೋರ್ಡಿಗೂ ಹೀಗೆ ಚಿಮ್ಮುವ ವೋಲ್ಟೇಜ್ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಅರ್ಥಿಂಗ್ ಗುಂಡಿ ಗೋಡೆಯಿಂದ 5 ಅಡಿಯಾದರೂ ಆಚೆ ಇರಲಿ. ಅಲ್ಲಿಂದ ಬೋರ್ಡಿಗೆ ಬರುವ ಲೋಹದ ಪಟ್ಟಿಗೂ ಪಾಯದಲ್ಲಿ ಒಂದು ತೂತು ಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥಿಂಗ್ ಸತ್ತ ಹಾಗೆಯೇ, ಆರ್‌ಓ ಫಿಲ್ಟರಿನಿಂದ ಹೊರಹೋಗುವ ನೀರಿನ ಪೈಪನ್ನು ಅದರತ್ತ ತಿರುಗಿಸಿ.

ಬೋರ್‌ವೆಲ್ ವಿಷಯ ಸ್ವಲ್ಪ ಬೇರೆ. ನಿಮ್ಮದು ಐಪಿ ಸೆಟ್, ಅಂದರೆ ಕೃಷಿ ಪಂಪ್‌ಸೆಟ್ಟಿನ ಸಂಪರ್ಕ. ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಒಮ್ಮೊಮ್ಮೆ ನಡುರಾತ್ರಿ. ಆ ಸಂಪರ್ಕದಿಂದ ಮನೆಗೆ ವೈರ್ ಎಳೆಯುವ ಯೋಚನೆ ಇದ್ದರೆ ಈಗಲೇ ಬಿಡಿ, ಅದು ನಿಯಮಕ್ಕೆ ವಿರುದ್ಧ. ಬೋರಿನ ನೀರು ಬಂದಾಗ ಸಂಪಿಗೆ ತುಂಬಲಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮನೆ ಕರೆಂಟಿನ ಸಣ್ಣ ಮೋಟರ್ ಎತ್ತಲಿ. ಅಂದರೆ ಬೋರಿನಿಂದ ಸಂಪಿಗೆ ಎಚ್‌ಡಿಪಿಇ ಪೈಪ್ ಒಂದು, ಅದರ ಪಕ್ಕದಲ್ಲೇ ಒಂದು ಸಣ್ಣ ಖಾಲಿ ಡಕ್ಟ್. ಸಂಪ್ ತುಂಬಿದ ಕೂಡಲೇ ಸ್ಟಾರ್ಟರ್ ನಿಲ್ಲಿಸುವ ಸೆನ್ಸರ್ ವೈರ್ ಅದರಲ್ಲಿ ಹೋಗುತ್ತದೆ. ಡ್ರಿಪ್‌ಗೆ ಹೋಗುವ ಲೈನನ್ನು ಬೋರಿನ ಹತ್ತಿರವೇ ವಾಲ್ವ್ ಇಟ್ಟು ಬೇರೆ ಮಾಡಿ. ಗೊಬ್ಬರ ಬೆರೆಸುವ ವೆಂಚುರಿಯ ನೀರು ಸಂಪಿನ ಕಡೆ ತಿರುಗದ ಹಾಗೆ ನಾನ್ ರಿಟರ್ನ್ ವಾಲ್ವ್ ಇರಲೇಬೇಕು.

ನೀರಿನ ಪೈಪ್ ಕೊಳಚೆ ಪೈಪಿನ ಜೊತೆ ಒಂದೇ ಗುಂಡಿಯಲ್ಲಿ ಬೇಡ. ನಿಮಗೆ ಜಾಗ ಇದೆ, 10 ಅಡಿ ಅಂತರ ಬಿಡಿ. ದಾಟಲೇಬೇಕಾದ ಕಡೆ ನೀರಿನದ್ದು ಮೇಲೆ, ಕೊಳಚೆಯದ್ದು ಒಂದೂವರೆ ಅಡಿ ಕೆಳಗೆ. ನೀರಿನ ಪೈಪಿನ ಜಾಯಿಂಟ್ ಆ ಜಾಗದಲ್ಲಿ ಬರಬಾರದು.

ಮಳೆನೀರಿಗೂ ದಾರಿ ಮಾಡಿ. 1000 ಚದರ ಅಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್. ಇದನ್ನು ಯಾವ ಕಾರಣಕ್ಕೂ ಸೆಪ್ಟಿಕ್ ಲೈನಿಗೆ ಸೇರಿಸಬೇಡಿ, ಒಂದೇ ಜೋರು ಮಳೆಗೆ ಟ್ಯಾಂಕ್ ಕಲಕಿ ಹೊರಗೆ ಬರುತ್ತದೆ. ಗೋಬರ್ ಗ್ಯಾಸ್ ಯೋಚನೆ ಇದೆ ಅಂದಿರಿ. ಅದರ ಪೈಪಿಗೆ ಪ್ಲಾಂಟಿನ ಕಡೆಗೆ ಇಳಿಜಾರು ಕೊಡಿ, ಗ್ಯಾಸಿನ ಹಬೆ ನೀರಾಗಿ ತಗ್ಗಿನಲ್ಲಿ ನಿಂತರೆ ಒಲೆ ಉರಿಯುವುದಿಲ್ಲ.

ಜೆಸಿಬಿ ಒಂದೇ ದಿನ ಕರೆಸಿ, ಹಿಂದಿನ ಸಂಜೆ ಸುಣ್ಣದಲ್ಲಿ ಗೆರೆ ಎಳೆದಿಡಿ. ತೆಂಗಿನ ಬುಡದಿಂದ ಆರೇಳು ಅಡಿ ದೂರ ಹೋಗಲಿ, ಬೇರು ಜಾಸ್ತಿ ಕಡಿದರೆ ಮರ ಸೊರಗುತ್ತದೆ. ನಿಮ್ಮ ಕಡೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಳೆ ಜೋರು, ಅದಕ್ಕೆ ಮುಂಚೆ ಮುಗಿಸಿ. ಮುಚ್ಚುವಾಗ ಒಂದೇ ಸಲ ಮಣ್ಣು ನೂಕಬೇಡಿ. ಅರ್ಧ ಅಡಿ ತುಂಬಿ, ನೀರು ಹಾಕಿ, ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ. ಇಲ್ಲದಿದ್ದರೆ ಮೊದಲ ಮಳೆಗೇ ಗುಂಡಿಯುದ್ದಕ್ಕೂ ನೆಲ ಕುಸಿಯುತ್ತದೆ.

ಮುಚ್ಚುವ ಮೊದಲು ಟೇಪ್ ಇಟ್ಟು ಫೋಟೋ ತೆಗೆಯಿರಿ. ಪ್ರತಿ ತಿರುವಿಗೂ ಮನೆಯ ಎರಡು ಮೂಲೆಗಳಿಂದ ಅಳತೆ ಬರೆದುಕೊಳ್ಳಿ. ಒಂದೇ ಅಳತೆ ಇದ್ದರೆ ಜಾಗ ಸಿಗುವುದಿಲ್ಲ, ಎರಡು ಇದ್ದರೆ ಗುರಿ ತಪ್ಪುವುದಿಲ್ಲ. ಮೊಬೈಲ್ ಬದಲಾದರೆ ಫೋಟೋ ಹೋಗುತ್ತದೆ, ಅದಕ್ಕೇ ಒಂದು ಕಾಗದದ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಬೋರ್ಡಿನ ಬಾಗಿಲಿಗೆ ಅಂಟಿಸಿ.

ಈಗ ನೀವು ಒಂದು ಕೆಲಸ ಮಾಡಿ. ಮನೆ, ಕಂಬ, ಬೋರು, ಕೊಟ್ಟಿಗೆ, ದೊಡ್ಡ ಮರಗಳು, ಸೆಪ್ಟಿಕ್ ಟ್ಯಾಂಕಿಗೆ ಅಂದುಕೊಂಡ ಜಾಗ, ಇಷ್ಟನ್ನು ಹಾಳೆಯ ಮೇಲೆ ಕೈಯಲ್ಲೇ ಬರೆದು ಇಲ್ಲಿ ಹಾಕಿ. ಲೆವೆಲ್ ಟ್ಯೂಬಿನ ಅಳತೆಯನ್ನೂ ಅದರಲ್ಲಿ ಬರೆಯಿರಿ. ತೂತುಗಳು ಎಲ್ಲಿ ಬರಬೇಕು ಅಂತ ಬೀಮ್ ಹಾಕುವ ಮುಂಚೆಯೇ ಗುರುತು ಮಾಡಿಕೊಡೋಣ.