ಓದುಗರ ಪ್ರಶ್ನೆ, ನಮ್ಮ ಉತ್ತರ: ಲೋಡರ್‌ನಲ್ಲಿ ನಿಂತುಬಿಡುವ ವರ್ಚುವಲ್ ಸ್ವಿಚ್

ಪ್ರಶ್ನೆ: ಗೋಣಿಕೊಪ್ಪಲಿನ ಮನೆಯಿಂದಲೇ ಬೆಂಗಳೂರಿನ ಸಂಸ್ಥೆಯೊಂದಕ್ಕೆ ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೇನೆ. ಕಲಿಕೆಗಾಗಿ 32 ಜಿಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಈವ್-ಎನ್‌ಜಿ (ಕಂಪ್ಯೂಟರಿನೊಳಗೇ ನೆಟ್‌ವರ್ಕ್ ಲ್ಯಾಬ್ ಕಟ್ಟುವ ತಂತ್ರಾಂಶ) ಹಾಕಿ, ಸಿಸ್ಕೊ ನೆಕ್ಸಸ್ 9300ವಿ ಎಂಬ ವರ್ಚುವಲ್ ಸ್ವಿಚ್‌ನ ಇಮೇಜನ್ನು (ಸ್ವಿಚ್‌ನ ತಂತ್ರಾಂಶವಿರುವ ಡಿಸ್ಕ್ ಕಡತವನ್ನು) ಓಡಿಸುತ್ತಿದ್ದೇನೆ. ಮೊದಲ ಸಲ ಸರಿಯಾಗಿಯೇ ಏಳುವ ಸ್ವಿಚ್, ಕರೆಂಟು ಹೋಗಿ ಬಂದ ಮೇಲೆ ‘ಲೋಡರ್’ ಎಂದು ತೋರಿಸಿ ನಿಂತುಬಿಡುತ್ತದೆ. ಇಮೇಜ್ ಕೆಟ್ಟಿದೆಯೇ? ಎರಡು ಸ್ಪೈನ್ (ನಡುವಿನ ಸ್ವಿಚ್), ನಾಲ್ಕು ಲೀಫ್‌ಗಳ (ಕಂಪ್ಯೂಟರ್‌ಗಳು ಸೇರುವ ಅಂಚಿನ ಸ್ವಿಚ್) ವಿಎಕ್ಸ್‌ಲ್ಯಾನ್ (ಐಪಿ ಜಾಲದ ಮೇಲೆ ವರ್ಚುವಲ್ ಲ್ಯಾನ್ ಕಟ್ಟುವ ವಿಧಾನ) ಲ್ಯಾಬನ್ನು ಇದೇ ಯಂತ್ರದಲ್ಲಿ ನಡೆಸಬಹುದೇ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಇಮೇಜ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಮುಂದಿನ ಸಲ ಯಾವ ಕಡತದಿಂದ ಏಳಬೇಕು ಎಂಬ ಸೂಚನೆಯನ್ನು ನೀವೇ ಬರೆದಿಡದಿದ್ದರೆ ಈ ಸ್ವಿಚ್ ಮರುಚಾಲನೆಯಾದಾಗ ಲೋಡರ್‌ಗೆ, ಅಂದರೆ ಸ್ವಿಚ್‌ನ ತಂತ್ರಾಂಶವನ್ನು ಏಳಿಸುವ ಚಿಕ್ಕ ಪ್ರೋಗ್ರಾಮಿಗೆ, ಬಂದು ನಿಲ್ಲುತ್ತದೆ. ಕರೆಂಟು ಹೋಗದೆ ನೀವೇ ಆರಿಸಿ ಹಚ್ಚಿದ್ದರೂ ಹಾಗೆಯೇ ಆಗುತ್ತಿತ್ತು. ಲೋಡರ್‌ನಲ್ಲಿ ‘ಡಿಐಆರ್’ ಎಂದು ಕೊಟ್ಟು ಎನ್‌ಎಕ್ಸ್-ಒಎಸ್ (ನೆಕ್ಸಸ್‌ನ ಕಾರ್ಯಾಚರಣಾ ವ್ಯವಸ್ಥೆ) ಕಡತದ ಪೂರ್ಣ ಹೆಸರನ್ನು ನೋಡಿಕೊಂಡು, ‘ಬೂಟ್’ ಎಂಬುದರ ಮುಂದೆ ಆ ಹೆಸರನ್ನು ಬರೆದರೆ ಸ್ವಿಚ್ ಏಳುತ್ತದೆ. ಎದ್ದ ಮೇಲೆ ಕಾನ್ಫಿಗರೇಷನ್‌ನಲ್ಲಿ ‘ಬೂಟ್ ಎನ್‌ಎಕ್ಸ್‌ಒಎಸ್’ ಎಂಬ ಆದೇಶದೊಂದಿಗೆ ಅದೇ ಹೆಸರನ್ನು ಕೊಟ್ಟು, ರನ್ನಿಂಗ್ ಕಾನ್ಫಿಗರೇಷನ್ನನ್ನು (ಈಗ ಚಾಲ್ತಿಯಲ್ಲಿರುವುದನ್ನು) ಸ್ಟಾರ್ಟಪ್‌ಗೆ (ಏಳುವಾಗ ಸ್ವಿಚ್ ಓದುವ ಕಾನ್ಫಿಗರೇಷನ್ನಿಗೆ) ನಕಲಿಸಿ ಉಳಿಸಬೇಕು. ಇದನ್ನು ಪ್ರತಿಯೊಂದು ಸ್ವಿಚ್‌ನಲ್ಲೂ ಬೇರೆಬೇರೆಯಾಗಿ ಮಾಡಬೇಕಾಗುತ್ತದೆ.

ಕಕ್ಕಡದ ಮಳೆಯಲ್ಲಿ ಕೊಡಗಿನ ಕರೆಂಟನ್ನು ನಂಬಿಕೊಂಡು ಲ್ಯಾಬ್ ನಡೆಸುವವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಈವ್-ಎನ್‌ಜಿ ಮೂಲ ಇಮೇಜನ್ನು ಮುಟ್ಟುವುದಿಲ್ಲ. ಪ್ರತಿ ನೋಡ್ (ಲ್ಯಾಬಿನ ಒಂದೊಂದು ಸಾಧನ) ಮಾಡುವ ಬದಲಾವಣೆಗಳನ್ನು ಅದರದೇ ಪ್ರತ್ಯೇಕ ಡಿಸ್ಕ್ ಕಡತದಲ್ಲಿ ಇಡುತ್ತದೆ. ಹಠಾತ್ತನೆ ಯಂತ್ರ ಆರಿಹೋದಾಗ ಹಾಳಾಗಬಹುದಾದದ್ದು ಸಾಮಾನ್ಯವಾಗಿ ಈ ಎರಡನೆಯ ಕಡತ. ಆಗ ‘ವೈಪ್’ ಮಾಡಿದರೆ, ಅಂದರೆ ಆ ಕಡತವನ್ನು ಅಳಿಸಿದರೆ, ಸ್ವಿಚ್ ಹೊಸದರಂತೆ ಏಳುತ್ತದೆಯಾದರೂ ನೀವು ಬರೆದದ್ದೆಲ್ಲ ಅಳಿದುಹೋಗುತ್ತದೆ. ಆದ್ದರಿಂದ ಕಾನ್ಫಿಗರೇಷನ್ನಿನ ಪಠ್ಯವನ್ನು ಆಗಾಗ್ಗೆ ಲ್ಯಾಬಿನ ಹೊರಗೆ ನಕಲಿಸಿಟ್ಟುಕೊಳ್ಳಿ. ಯುಪಿಎಸ್ ಇದ್ದರೂ ಈ ಅಭ್ಯಾಸವನ್ನು ಬಿಡಬೇಡಿ.

ಇನ್ನು ಮೆಮೊರಿಯ ಮಾತು. 9300ವಿ ಒಂದಕ್ಕೇ ಆವೃತ್ತಿಯನ್ನು ಅನುಸರಿಸಿ ಸುಮಾರು 8ರಿಂದ 10 ಜಿಬಿ ಬೇಕಾಗುವುದರಿಂದ, ಆರು ಸ್ವಿಚ್‌ಗಳು ನಿಮ್ಮ ಯಂತ್ರದಲ್ಲಿ ಹಿಡಿಸುವುದಿಲ್ಲ. ಆದರೆ ಆರೂ ನೆಕ್ಸಸ್ ಆಗಿರಬೇಕೆಂಬ ಹಠವೇ ಅನಗತ್ಯ ಎಂಬುದು ನಮ್ಮ ಅಭಿಪ್ರಾಯ. ಪ್ಯಾಕೆಟ್ಟಿಗೆ ವಿಎಕ್ಸ್‌ಲ್ಯಾನ್ ಹೊದಿಕೆಯನ್ನು ಹಾಕುವುದೂ ತೆಗೆಯುವುದೂ ಲೀಫ್‌ಗಳ ಕೆಲಸ; ಸ್ಪೈನ್ ಮಾಡುವುದು ಐಪಿ ಪ್ಯಾಕೆಟ್‌ಗಳನ್ನು ಸಾಗಿಸುವುದು ಮತ್ತು ಬಿಜಿಪಿ ಇವಿಪಿಎನ್ ಮಾರ್ಗಗಳನ್ನು (ಯಾವ ಸಾಧನ ಯಾವ ಲೀಫ್‌ನ ಹಿಂದಿದೆ ಎಂಬ ಮಾಹಿತಿಯನ್ನು) ಲೀಫ್‌ಗಳಿಗೆ ಹಂಚುವುದು ಮಾತ್ರ. ಈ ಕೆಲಸವನ್ನು ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶ ಹಾಕಿದ ಚಿಕ್ಕ ಲಿನಕ್ಸ್ ಯಂತ್ರವೊಂದು ರೂಟ್ ರಿಫ್ಲೆಕ್ಟರ್ (ಒಬ್ಬರಿಂದ ಬಂದ ಮಾರ್ಗವನ್ನು ಉಳಿದವರಿಗೆ ದಾಟಿಸುವ ಕೇಂದ್ರ) ಆಗಿ ಅತಿ ಕಡಿಮೆ ಮೆಮೊರಿಯಲ್ಲಿ ಮಾಡಿಬಿಡುತ್ತದೆ. ಹಾಗಾಗಿ ಎರಡು ನೆಕ್ಸಸ್ ಲೀಫ್, ಒಂದು ಲಿನಕ್ಸ್ ಸ್ಪೈನ್ ಇಟ್ಟುಕೊಂಡು ಆರಂಭಿಸಿ. ವಿಪಿಸಿ (ಎರಡು ಸ್ವಿಚ್‌ಗಳು ಒಂದರಂತೆ ಕೊಂಡಿ ಕೊಡುವ ವಿಧಾನ) ಜೋಡಿಯನ್ನು ಕಲಿಯುವುದಕ್ಕೂ ಇವೇ ಎರಡು ಲೀಫ್‌ಗಳು ಸಾಕು. ಎರಡನ್ನೂ ಒಟ್ಟಿಗೆ ಚಾಲೂ ಮಾಡದೆ, ಒಂದು ಪೂರ್ತಿಯಾಗಿ ಎದ್ದ ಮೇಲೆ ಇನ್ನೊಂದನ್ನು ಚಾಲೂ ಮಾಡಿ. ಹೊದಿಕೆಯಿಂದ ಪ್ಯಾಕೆಟ್ಟಿಗೆ 50 ಬೈಟ್ ಹೆಚ್ಚುವುದರಿಂದ ಲೀಫ್-ಸ್ಪೈನ್ ಕೊಂಡಿಗಳ ಎಂಟಿಯುವನ್ನು (ಸಾಗಿಸಬಲ್ಲ ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು) ದೊಡ್ಡದಾಗಿಡಬೇಕು. ಇಲ್ಲವಾದರೆ ಪಿಂಗ್ ಹೋಗುತ್ತದೆ, ದೊಡ್ಡ ಕಡತ ಮಾತ್ರ ಹೋಗುವುದಿಲ್ಲ, ದೋಷವನ್ನು ಬೇರೆಲ್ಲೋ ಹುಡುಕುತ್ತ ಕೂರುವಂತಾಗುತ್ತದೆ.

ಪ್ರಶ್ನೆ: ಸಹಪಾಠಿಯೊಬ್ಬ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಸ್ವಿಚ್ ಇಮೇಜನ್ನು ಬಳಸಬಹುದೇ? ಅದರಲ್ಲಿ ಸ್ವಿಚ್‌ನ ವೇಗವನ್ನು ಅಳೆಯಬಹುದೇ?
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಬೇಡ. ಪರವಾನಗಿಯ ತೊಡಕು ಒಂದೆಡೆಯಾದರೆ, ಯಾರು ಏನನ್ನು ತಿದ್ದಿದ್ದಾರೆಂದು ತಿಳಿಯದ ಇಮೇಜಿನಲ್ಲಿ ಬರುವ ದೋಷ ನಿಮ್ಮದೋ ಅದರದೋ ಎಂದು ಗೊತ್ತಾಗುವುದಿಲ್ಲ. ಅರಿಸ್ಟಾ ಸಂಸ್ಥೆಯು ವಿಇಒಎಸ್ ಎಂಬ ತನ್ನ ವರ್ಚುವಲ್ ಸ್ವಿಚ್‌ನ ಇಮೇಜನ್ನು ತನ್ನ ಜಾಲತಾಣದಲ್ಲಿ ನೋಂದಾಯಿಸಿಕೊಂಡವರಿಗೆ ಉಚಿತವಾಗಿ ಕೊಡುತ್ತದೆ. ಸೋನಿಕ್ ಎಂಬ ಸ್ವಿಚ್ ಕಾರ್ಯಾಚರಣಾ ವ್ಯವಸ್ಥೆ ಮುಕ್ತ ತಂತ್ರಾಂಶವೇ ಆಗಿದೆ. ಜುನಿಪರ್‌ನ ವಿಜುನೋಸ್-ಸ್ವಿಚ್ ಕೂಡ ಉಚಿತವಾದರೂ ಅದು ತನ್ನೊಳಗೆ ಇನ್ನೊಂದು ವರ್ಚುವಲ್ ಯಂತ್ರವನ್ನು ಓಡಿಸುವುದರಿಂದ ನೆಸ್ಟೆಡ್ ವರ್ಚುವಲೈಸೇಷನ್ (ವರ್ಚುವಲ್ ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಇಲ್ಲದ ಕಡೆ ಏಳುವುದಿಲ್ಲ. ವೇಗವನ್ನು ಇವು ಯಾವುದರಲ್ಲೂ ಅಳೆಯಬೇಡಿ: ನಿಜವಾದ ಸ್ವಿಚ್‌ನಲ್ಲಿ ಪ್ಯಾಕೆಟ್ ಸಾಗಿಸುವ ಚಿಪ್ ಇಲ್ಲಿ ಇಲ್ಲ, ಆ ಕೆಲಸವನ್ನು ನಿಮ್ಮ ಪ್ರೊಸೆಸರ್ ತಂತ್ರಾಂಶದ ಮೂಲಕ ಮಾಡುತ್ತಿರುತ್ತದೆ. ರೂಟಿಂಗ್, ಇವಿಪಿಎನ್, ಸ್ವಯಂಚಾಲನೆಯ ಸ್ಕ್ರಿಪ್ಟ್‌ಗಳ ಕಲಿಕೆಗೆ ಇದರಿಂದ ಅಡ್ಡಿಯಿಲ್ಲ. ಬಫರ್, ಕ್ಯೂ, ದಟ್ಟಣೆಯ ವರ್ತನೆಗಳನ್ನು ಮಾತ್ರ ನಿಜವಾದ ಸ್ವಿಚ್‌ನಲ್ಲಿಯೇ ನೋಡಬೇಕು.