ಹೊಗಳಿದ್ದು ಆಮೇಲೆ, ಅಳಿಸಿದ್ದು ಮೊದಲು

ದಾವಣಗೆರೆ ಕಡೆಯ ಓದುಗರೊಬ್ಬರ ಪತ್ರ ಈ ವಾರ ಬೇರೆಲ್ಲವನ್ನೂ ಪಕ್ಕಕ್ಕೆ ತಳ್ಳಿದೆ. ಪತ್ರ ಉದ್ದವಿದೆ, ಚುಟುಕಾಗಿ ಹೇಳುತ್ತೇನೆ. ಫೇಸ್‌ಬುಕ್‌ನಲ್ಲಿ ಅಮ್ಮಂದಿರದೇ ಒಂದು ದೊಡ್ಡ ಕನ್ನಡ ಗುಂಪು, ಅದರ ನಾಲ್ವರು ಅಡ್ಮಿನ್‌ಗಳಲ್ಲಿ ಇವರೊಬ್ಬರು. ವರ್ಷದ ಹಿಂದೆ ಓರಗಿತ್ತಿಯ ಮೂಲಕ ಒಂದು ಏಜೆನ್ಸಿಯ ಪರಿಚಯವಾಯಿತು. ಕಂದಮ್ಮಗಳ ರಾಗಿ ಸರಿ ಪುಡಿಯೊಂದನ್ನು ಹೊಗಳಿ ಪೋಸ್ಟ್ ಹಾಕಿದರೆ 600 ರೂಪಾಯಿ, ಬೇರೆಯವರ ಪ್ರಶ್ನೆಯ ಕೆಳಗೆ ‘ನಾವೂ ಇದನ್ನೇ ಕೊಡ್ತೀವಿ’ ಎಂದು ಬರೆದರೆ 100. ದುಡ್ಡು ಬರುವುದು ಯಜಮಾನರ ಯುಪಿಐಗೆ, ಹೋಗುವುದು ಬೈಕಿನ ಕಂತಿಗೆ. ಈಗ ಗುಂಪಿನಲ್ಲಿ ಯಾರೋ ‘ಇಲ್ಲಿ ಕಾಸು ತಗೊಂಡು ಬರೆಯೋರಿದ್ದಾರೆ’ ಎಂದು ಹಾಕಿದ್ದಾರೆ. ಗುಂಪು ಕಟ್ಟಿದ ಅಕ್ಕನಿಗೆ ಎಲ್ಲ ಹೇಳಿಬಿಡಲೇ, ಇಲ್ಲ ಸದ್ದಿಲ್ಲದೆ ನಿಲ್ಲಿಸಿಬಿಡಲೇ ಎಂಬುದು ಇವರ ಪ್ರಶ್ನೆ.

ಆ ಪ್ರಶ್ನೆ ಹಾಗಿರಲಿ. ಪತ್ರದ ಕೊನೆಯ ಪುಟದಲ್ಲಿ ಹೀಗೊಂದು ಸಾಲಿದೆ: ‘ಒಬ್ಬರು ಈ ಪುಡಿ ಕೊಟ್ಟ ಮೇಲೆ ಮಗುವಿನ ಬಾಯಿ ಸುತ್ತ ದದ್ದು ಎದ್ದಿದೆ ಅಂತ ಕಾಮೆಂಟ್ ಹಾಕಿದ್ದರು, ಏಜೆನ್ಸಿಯವರು ಹೇಳಿದ್ದಕ್ಕೆ ತೆಗೆದುಬಿಟ್ಟೆ.’ ಇದನ್ನು ಬರೆದು ಮುಂದಿನ ಸಾಲಿಗೇ ನೀವು ಅಕ್ಕನ ಮುನಿಸಿನ ಚಿಂತೆಗೆ ಹೋಗಿದ್ದೀರಿ. ನಾನು ಹೋಗಲಾರೆ.

ನೀವೇ ಕಳಿಸಿದ ಪೊಟ್ಟಣದ ಫೋಟೊದಲ್ಲಿ ಏನೇನಿದೆ ನೋಡಿ: ಮೊಳಕೆ ರಾಗಿ, ಗೋಧಿ, ಹೆಸರುಬೇಳೆ, ಹುರಿಗಡಲೆ, ಕಡಲೆಕಾಯಿ ಬೀಜ, ಬಾದಾಮಿ, ಗೋಡಂಬಿ, ಏಲಕ್ಕಿ. ಇವುಗಳಲ್ಲಿ ಗೋಧಿ, ಕಡಲೆಕಾಯಿ, ಬಾದಾಮಿ, ಗೋಡಂಬಿ ಈ ನಾಲ್ಕೂ ಅಲರ್ಜಿಗೆ ಹೆಸರಾದವು. ಕೂಸಿಗೆ ಹೊಸ ಆಹಾರ ಕೊಡುವಾಗ ಒಂದು ಸಲಕ್ಕೆ ಒಂದೇ, ಅದನ್ನೂ ಒಂದೆರಡು ಚಮಚ ಕೊಟ್ಟು ಎರಡು ಮೂರು ದಿನ ನೋಡಿ ಅಂತ ಮಕ್ಕಳ ಡಾಕ್ಟರು ಹೇಳುವುದು ಯಾಕೆ? ಏನಾದರೂ ಆದರೆ ಯಾವುದರಿಂದ ಅಂತ ಗೊತ್ತಾಗಲಿ ಎಂದು. ಎಂಟು ಸಾಮಾನು ಕೂಡಿಸಿ ಬೀಸಿದ ಪುಡಿಯಲ್ಲಿ ಅದು ಗೊತ್ತಾಗುವ ದಾರಿಯೇ ಇಲ್ಲ. ಬಾಯಿ ಸುತ್ತಲಿನ ದದ್ದು ಬರೀ ಸರಿ ಮೆತ್ತಿ ಚರ್ಮ ಕೆರಳಿದ್ದೂ ಇರಬಹುದು, ಗಂಟೆಯೊಳಗೆ ಇಳಿಯಲೂಬಹುದು. ಆದರೆ ಕಡಲೆಕಾಯಿಯಂಥದರ ಅಲರ್ಜಿಯಾಗಿದ್ದರೆ ಮುಂದಿನ ಸಲ ತುಟಿ ಊದುವುದು, ವಾಂತಿ, ಉಸಿರಾಟದ ತೊಂದರೆ ಬರಬಹುದು. ಆ ತಾಯಿ ತಿಳಿಯಬೇಕಿದ್ದದ್ದು ಇದನ್ನೇ. ಅದೇ ಪುಡಿ ತರಿಸಿಕೊಂಡಿದ್ದ ಬೇರೆ ಅಮ್ಮಂದಿರು ಓದಬೇಕಿದ್ದದ್ದೂ ಅದನ್ನೇ.

ಇನ್ನು ನೀವು ಪೋಸ್ಟ್‌ನಲ್ಲಿ ‘ನನ್ನ ಎಂಟು ತಿಂಗಳ ಮಗಳು’ ಎಂದು ಬರೆದಿದ್ದೀರಿ. ನಿಮ್ಮ ಮಗಳು ಯುಕೆಜಿಯಲ್ಲಿದ್ದಾಳೆ. ಆ ಎಂಟು ತಿಂಗಳು ಏಜೆನ್ಸಿ ವಾಟ್ಸಾಪ್‌ನಲ್ಲಿ ಕಳಿಸಿದ ಒಕ್ಕಣೆಯದು. ಸಿಕ್ಕಿಬೀಳುವುದೂ ಹೀಗೆಯೇ. ಒಂದೇ ಒಕ್ಕಣೆ ಹತ್ತಾರು ಜನರಿಗೆ ಹೋಗಿರುತ್ತದೆ. ಅನುಮಾನ ಬಂದವರು ‘ಮಗು ಗುಂಡುಗುಂಡಾಗಿದೆ, ಮಲಬದ್ಧತೆ ಮಾಯ’ ಎಂಬ ಸಾಲನ್ನು ಗುಂಪಿನ ಸರ್ಚ್‌ಗೆ ಹಾಕಿದರೆ ಸಾಕು, ಐದು ಹೆಸರಲ್ಲಿ ಒಂದೇ ಮಾತು ಸಾಲಾಗಿ ಬರುತ್ತದೆ. ಆಮೇಲೆ ನೀವು ಜ್ವರಕ್ಕೆ, ಹಾಲು ಬಿಡಿಸುವುದಕ್ಕೆ ನಿಜವಾಗಿ ಬರೆದ ಸಲಹೆಯನ್ನೂ ಯಾರೂ ನಂಬುವುದಿಲ್ಲ. 600 ರೂಪಾಯಿಗೆ ಹೋಗಿದ್ದು ಅದು.

‘ಪೋಸ್ಟ್ ಮೇಲೆ ಜಾಹೀರಾತು ಅಂತ ಹಾಕಿದ್ದರೆ ಸರಿಹೋಗುತ್ತಿತ್ತೇ?’ ಎಂದೂ ಕೇಳಿದ್ದೀರಿ. ಸೀರೆ, ಕುಕ್ಕರ್ ಆಗಿದ್ದರೆ ಹೌದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ: ದುಡ್ಡಾಗಲಿ, ಬಿಟ್ಟಿ ಸಾಮಾನಾಗಲಿ ಪಡೆದು ಬರೆದರೆ ಅದು ಎದ್ದು ಕಾಣುವಂತೆ ಇರಬೇಕು, ಹ್ಯಾಷ್‌ಟ್ಯಾಗ್‌ಗಳ ಗುಂಪಿನಲ್ಲಿ ಹುದುಗಿಸಬಾರದು, ಹೊಗಳಿಕೆ ಕನ್ನಡದಲ್ಲಿದ್ದರೆ ಆ ಸೂಚನೆಯೂ ಕನ್ನಡದಲ್ಲೇ ಇರಬೇಕು, ಹೊಗಳುವವರು ಆ ವಸ್ತುವನ್ನು ಬಳಸಿರಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮಾಡಿದವರಷ್ಟೇ ಅಲ್ಲ, ಹೊಗಳಿದವರಿಗೂ 10 ಲಕ್ಷದವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೇಳಿದ್ದು ನಿಜವೇ ಎಂದು ಮೊದಲೇ ವಿಚಾರಿಸಿ ನೋಡಿದ್ದರೆ ಹೊಗಳಿದವರಿಗೆ ವಿನಾಯಿತಿ ಉಂಟು. ನೀವು ವಿಚಾರಿಸಿಲ್ಲ.

ಆದರೆ ನಿಮ್ಮದು ಕುಕ್ಕರ್ ಅಲ್ಲ. ಪೊಟ್ಟಣದ ಮೇಲೆ ‘6 ತಿಂಗಳಿಂದ’ ಎಂದಿದೆ. ಎರಡು ವರ್ಷದೊಳಗಿನ ಶಿಶುಗಳಿಗೆ ತಾಯಿಹಾಲಿನ ಜೊತೆ ಕೊಡಲೆಂದು ಮಾರುವ ಆಹಾರಕ್ಕೆ, ಅದರ ಹೆಸರು ಏನೇ ಇರಲಿ, ಜಾಹೀರಾತನ್ನೇ ಮಾಡಬಾರದೆಂದು 1992ರ ಶಿಶು ಹಾಲು ಬದಲಿಗಳ ಕಾಯ್ದೆ ಹೇಳುತ್ತದೆ. 2003ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಅಂಥ ಜಾಹೀರಾತಿನಲ್ಲಿ ಪಾಲ್ಗೊಂಡವರೂ ಅದರಡಿ ಬರುತ್ತಾರೆ, ಮೂರು ವರ್ಷದವರೆಗೆ ಸಜೆಯ ಅವಕಾಶವಿದೆ. ಆದ್ದರಿಂದ ಇಲ್ಲಿ ‘ಜಾಹೀರಾತು’ ಅಂತ ಮೇಲೆ ಬರೆದುಕೊಂಡರೆ ಅದು ರಕ್ಷಣೆಯಲ್ಲ, ತಪ್ಪೊಪ್ಪಿಗೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಏಜೆನ್ಸಿಯ ಆ ಹುಡುಗ ‘ಎಲ್ಲ ಲೀಗಲ್ ಮೇಡಂ’ ಅಂದದ್ದು ಬಾಯಿಮಾತಲ್ಲಿ. ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು: ಬಾಯಿಮಾತಿನ ಒಪ್ಪಂದವನ್ನು ನೆಚ್ಚಬಾರದು. ನಾಳೆ ತಕರಾರು ಬಂದರೆ ಆ ಹುಡುಗನ ನಂಬರ್ ಸ್ವಿಚ್ ಆಫ್ ಆಗಿರುತ್ತದೆ, ಪೋಸ್ಟ್ ಮೇಲೆ ನಿಮ್ಮ ಹೆಸರು, ನಿಮ್ಮ ಫೋಟೊ ಇರುತ್ತದೆ.

ನಿಮ್ಮ ಮೇಲೆ ಇದ್ದ ಸಿಟ್ಟು ಪತ್ರ ಮುಗಿಯುವಷ್ಟರಲ್ಲಿ ಯಜಮಾನರ ಕಡೆ ತಿರುಗಿತು. ‘ಎರಡು ಸಾಲು ಬರೆಯೋದಕ್ಕೆ ಯಾರು ನೂರು ಕೊಡ್ತಾರೆ, ಸುಮ್ನೆ ಮಾಡು’ ಅಂದವರು ಅವರು. ದುಡಿದದ್ದು ನೀವು, ಹೆಸರು ಕೆಡುವುದು ನಿಮ್ಮದು, ಹಣ ಅವರ ಖಾತೆಗೆ, ಬೈಕ್ ಅವರದು. ಓರಗಿತ್ತಿಗೂ ಒಂದು ಪಾಲು ಬೈಗುಳ ಮೀಸಲಿದೆ, ಜನ ಸೇರಿಸಿಕೊಟ್ಟಿದ್ದಕ್ಕೆ ಅವರಿಗೆ ಕಮಿಷನ್ ಸಿಗುತ್ತಿತ್ತೆಂದು ನೀವೇ ಬರೆದಿದ್ದೀರಿ.

ಅಕ್ಕನಿಗೆ ಹೇಳುವುದು, ಪೋಸ್ಟ್‌ಗಳನ್ನು ತೆಗೆಯುವುದು, ಏಜೆನ್ಸಿಗೆ ‘ಇನ್ನು ಬರೆಯುವುದಿಲ್ಲ’ ಎನ್ನುವುದು ಎಲ್ಲ ನಾಳೆ. ಇವತ್ತು ಒಂದೇ ಕೆಲಸ: ಆ ತಾಯಿಯನ್ನು ಹುಡುಕಿ. ಹೆಸರು ನೆನಪಿಲ್ಲ ಅಂದಿದ್ದೀರಿ. ಅಡ್ಮಿನ್‌ಗಳಿಗೆ ಕಾಣುವ ಆಕ್ಟಿವಿಟಿ ಲಾಗ್ ತೆರೆಯಿರಿ, ಯಾರ ಕಾಮೆಂಟನ್ನು ಯಾವ ಅಡ್ಮಿನ್ ತೆಗೆದರು ಎಂಬುದು ಅಲ್ಲಿರುತ್ತದೆ. (ಉಳಿದ ಮೂವರೂ ಅದನ್ನು ನೋಡಬಹುದು. ಸದ್ದಿಲ್ಲದೆ ನಿಲ್ಲಿಸುವ ಯೋಚನೆ ಅಲ್ಲಿಗೇ ಮುಗಿಯಿತು.) ಸಿಕ್ಕ ಮೇಲೆ ಹೀಗೆ ಬರೆಯಿರಿ:

‘ನಮಸ್ಕಾರ. ರಾಗಿ ಸರಿ ಪುಡಿಯಿಂದ ಮಗುವಿಗೆ ದದ್ದು ಬಂದಿದೆ ಎಂಬ ನಿಮ್ಮ ಕಾಮೆಂಟನ್ನು ತೆಗೆದವಳು ನಾನು. ಆ ಪುಡಿಯ ಬಗ್ಗೆ ಬರೆಯಲು ನನಗೆ ದುಡ್ಡು ಸಿಗುತ್ತಿತ್ತು. ತಪ್ಪಾಯಿತು. ಮಗು ಈಗ ಹೇಗಿದೆ? ಅದರಲ್ಲಿ ಗೋಧಿ, ಕಡಲೆಕಾಯಿ, ಬಾದಾಮಿ, ಗೋಡಂಬಿ ಇವೆ. ಡಾಕ್ಟರಿಗೆ ತೋರಿಸುವವರೆಗೆ ಇವು ಯಾವುದನ್ನೂ ಕೊಡಬೇಡಿ. ಹೋಗುವಾಗ ಪೊಟ್ಟಣ ತೆಗೆದುಕೊಂಡು ಹೋಗಿ. ತುಟಿ ಊದಿದರೆ, ಉಸಿರಾಡಲು ಕಷ್ಟಪಟ್ಟರೆ ಕಾಯದೆ ಆಸ್ಪತ್ರೆಗೆ ಹೋಗಿ.’

ಇದಕ್ಕಿಂತ ಒಂದು ಸಾಲು ಹೆಚ್ಚು ಬೇಡ. ‘ನನಗೂ ಕಷ್ಟ ಇತ್ತು’ ಎಂಬುದಂತೂ ಬೇಡವೇ ಬೇಡ. ಪೊಟ್ಟಣ ಅವರ ಹತ್ತಿರ ಇದ್ದರೆ ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಲು ಆಮೇಲೆ ಹೇಳಿ. ದೂರು ಕೊಡಲು 1915 ಗ್ರಾಹಕ ಸಹಾಯವಾಣಿಯಿದೆ. ಅವರು ಕೊಟ್ಟರೆ ಏಜೆನ್ಸಿಯ ಜೊತೆಗಿನ ನಿಮ್ಮ ವಾಟ್ಸಾಪ್ ಮಾತುಕತೆಯೂ ಬೇಕಾಗುತ್ತದೆ, ಒಂದನ್ನೂ ಅಳಿಸಬೇಡಿ. ಅವರು ಬೈದರೆ ಬೈಸಿಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದು ಗುಂಪಿನಲ್ಲೇ ಹಾಕಿದರೆ ಹಾಕಲಿ ಬಿಡಿ.

ಬೈಕಿನ ಕಂತನ್ನು ಮುಂದಿನ ತಿಂಗಳಿಂದ ಯಜಮಾನರೇ ಕಟ್ಟಲಿ.