ಹರಿಹರದ ತಮ್ಮನಿಗೆ, ಯೇನಾದಿಂದ

ನಿನ್ನ ಪತ್ರ ಓದಿದೆ. ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದಿದ್ದೀಯ. ಈಗ ಜರ್ಮನಿಯ ಯೇನಾದಲ್ಲಿ ಲೆನ್ಸ್ ಕೋಟಿಂಗ್ ಮಾಡುವ ಕಂಪನಿಯೊಂದರಿಂದ ಆಫರ್ ಬಂದಿದೆ. ನೀನು ಕೇಳಿದ್ದು ಮೂರು. ಕೈಗೆ ಬರುವ ಸಂಬಳ ಕಮ್ಮಿ ಅಲ್ವಾ? ಜರ್ಮನ್ ಬರದಿದ್ದರೂ ನಡೆಯುತ್ತದಾ? ಪೂರ್ವ ಜರ್ಮನಿಯಲ್ಲಿ ನಮ್ಮಂಥವರನ್ನು ಹೇಗೆ ಕಾಣುತ್ತಾರೆ? ನಾನು ಈ ಊರಿಗೆ ಬಂದು ಹದಿನಾರು ವರ್ಷವಾಯಿತು. ಗೊತ್ತಿರುವುದನ್ನು ಹೇಳುತ್ತೇನೆ.

ಸಂಬಳದ ವಿಷಯ ಬೇಗ ಮುಗಿಸುತ್ತೇನೆ. ಮದುವೆಯಾಗದವರ ಎಂಜಿನಿಯರ್ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಹಿಡಿದುಕೊಳ್ಳುತ್ತಾರೆ. ಅದರಲ್ಲಿ ತೆರಿಗೆ ಮಾತ್ರ ಅಲ್ಲ, ಆರೋಗ್ಯ ವಿಮೆ, ಪಿಂಚಣಿ, ಕೆಲಸ ಹೋದರೆ ಸಿಗುವ ವಿಮೆ ಎಲ್ಲ ಸೇರಿದೆ. ಅಮೆರಿಕದಲ್ಲಿರುವ ಗೆಳೆಯರ ಸಂಬಳದ ಜೊತೆ ಹೋಲಿಸುತ್ತಾ ಕೂತರೆ ಮನಸ್ಸು ಕೆಡುತ್ತದೆ, ಅಷ್ಟೆ. ಬಾಡಿಗೆ ಮ್ಯೂನಿಕ್‌ಗಿಂತ ಎಷ್ಟೋ ಕಮ್ಮಿ. ಆದರೆ ಸಾಲೆ ನದಿಯ ಕಣಿವೆಯಲ್ಲಿ, ಗುಡ್ಡಗಳ ಮಧ್ಯೆ ಒತ್ತಿಕೊಂಡಿರುವ ಊರು ಇದು. ಮನೆ ಸಿಗುವುದು ಕಷ್ಟ. ಈಗಿನಿಂದಲೇ ಹುಡುಕು.

ನೀನು ಕೇಳದೆ ಬಿಟ್ಟಿದ್ದು ಸಮಯದ ಬಗ್ಗೆ. ನನಗೆ ಹೇಳಬೇಕಾಗಿರುವುದು ಅದೇ.

ಬಂದ ಹೊಸದರಲ್ಲಿ ನಾನು ರಾತ್ರಿ ಎಂಟರ ತನಕ ಲ್ಯಾಬಿನಲ್ಲೇ ಇರುತ್ತಿದ್ದೆ. ಬೆಂಗಳೂರಿನಲ್ಲಿ ಅದೇ ರೂಢಿಯಾಗಿತ್ತು. ಮ್ಯಾನೇಜರ್‌ಗಿಂತ ಮೊದಲು ಎದ್ದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ನಮ್ಮಲ್ಲಿ ಒಬ್ಬರು ಹಿರಿಯ ಕೆಲಸಗಾರರಿದ್ದರು. ಹದಿನಾರನೇ ವಯಸ್ಸಿಗೆ ಲೆನ್ಸ್ ಉಜ್ಜುವುದನ್ನು ಕಲಿಯಲು ಸೇರಿದವರು. ಪಾಲಿಶ್ ಆದ ಲೆನ್ಸಿನ ಮೇಲೆ ಅಳತೆಯ ಗಾಜನ್ನು ಮೆಲ್ಲಗೆ ಇಟ್ಟರೆ ಬಣ್ಣದ ಉಂಗುರಗಳು ಏಳುತ್ತವೆ. ನೀನು ಓದಿದ ನ್ಯೂಟನ್ಸ್ ರಿಂಗ್ಸ್ ಅದು, ಎರಡು ಗಾಜಿನ ನಡುವಿನ ತೆಳು ಸಂದಿಯನ್ನು ತೋರಿಸುವ ಉಂಗುರಗಳು. ಅವರು ಉಂಗುರ ಎಣಿಸಿ, ಇಲ್ಲಿ ಇನ್ನೂ ಉಜ್ಜಬೇಕು, ಅಲ್ಲಿ ಸಾಕು ಎಂದು ಹೇಳುತ್ತಿದ್ದರು. ಬೆರಳಿನ ಬಿಸಿ ತಾಗಿದರೂ ಗಾಜು ಹಿಗ್ಗಿ ಉಂಗುರಗಳು ಜರುಗುತ್ತವೆ. ಅದಕ್ಕೇ ಗಾಜಿಟ್ಟ ಮೇಲೆ ಎರಡೂ ಕೈ ಹಿಂದೆ ಕಟ್ಟಿಕೊಂಡು, ಅದು ತಣ್ಣಗಾಗುವ ತನಕ ಸುಮ್ಮನೆ ನಿಲ್ಲುತ್ತಿದ್ದರು. ಒಂದು ಸಂಜೆ ಅವರು ನನ್ನ ಮೇಜಿನ ದೀಪ ಆರಿಸಿದರು. "ನಿನ್ನ ಎಂಟು ಗಂಟೆ ಮುಗಿಯಿತು. ಎದ್ದು ಬಾ, ಒಂದು ಜಾಗ ತೋರಿಸುತ್ತೇನೆ" ಅಂದರು.

ಕರೆದುಕೊಂಡು ಹೋಗಿದ್ದು ಕಾರ್ಲ್ ಝೈಸ್ ಚೌಕಕ್ಕೆ. ಅಲ್ಲಿ ಎಂಟು ಮೂಲೆಯ ಒಂದು ಸಣ್ಣ ಕಲ್ಲಿನ ಮಂಟಪ ಇದೆ. ಒಳಗೆ ಎರ್ನ್ಸ್ಟ್ ಅಬ್ಬೆ ಅವರ ಪ್ರತಿಮೆ. ಆ ಹೆಸರು ನಿನಗೆ ಗೊತ್ತೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಷ್ಟು ಸಣ್ಣದನ್ನು ಕಾಣಬಹುದು ಎಂಬುದಕ್ಕೆ ಬೆಳಕಿನ ಅಲೆಯ ಉದ್ದವೇ ಒಂದು ಮಿತಿ ಹಾಕುತ್ತದೆ ಎಂದು 1873ರಲ್ಲಿ ತೋರಿಸಿದವರು. ಆ ಸೂತ್ರವನ್ನು ಯೇನಾ ವಿಶ್ವವಿದ್ಯಾಲಯದ ಬಳಿ ಕಲ್ಲಿನಲ್ಲೇ ಕೆತ್ತಿದ್ದಾರೆ. ಸ್ಟೆಫಾನ್ ಹೆಲ್ ಮತ್ತು ಇನ್ನಿಬ್ಬರು ಆ ಮಿತಿ ದಾಟುವ ದಾರಿ ಕಂಡುಕೊಂಡಿದ್ದಕ್ಕೆ 2014ರಲ್ಲಿ ನೊಬೆಲ್ ಬಂತು. ಇಷ್ಟು ನನಗೂ ಗೊತ್ತಿತ್ತು. ಅವರು ಹೇಳಿದ ಉಳಿದ ಕಥೆ ಗೊತ್ತಿರಲಿಲ್ಲ.

ಅಬ್ಬೆ ಹುಟ್ಟಿದ್ದು 1840ರಲ್ಲಿ, ಇಲ್ಲಿಗೆ ಹತ್ತಿರದ ಐಸೆನಾಖ್‌ನಲ್ಲಿ. ಅಪ್ಪ ನೂಲಿನ ಗಿರಣಿಯಲ್ಲಿ ಕೆಲಸಗಾರ. ದಿನಕ್ಕೆ 14 ಗಂಟೆ, ಕೆಲಸ ಜಾಸ್ತಿ ಇದ್ದಾಗ 16 ಗಂಟೆ ನಿಂತೇ ದುಡಿಮೆ. ಊಟಕ್ಕೆ ಬಿಡುವು ಅಂತ ಇರಲಿಲ್ಲ. ಐದರಿಂದ ಒಂಬತ್ತು ವರ್ಷದ ತನಕ ಈ ಹುಡುಗ ಮತ್ತು ಅವನ ತಂಗಿ ಸರದಿಯಂತೆ ದಿನಾ ಅಪ್ಪನಿಗೆ ಬುತ್ತಿ ಕೊಂಡೊಯ್ಯುತ್ತಿದ್ದರು. ಅಪ್ಪ ಯಂತ್ರಕ್ಕೋ ಪೆಟ್ಟಿಗೆಗೋ ಒರಗಿ ನಿಂತು ಗಬಗಬನೆ ಉಂಡು, ಖಾಲಿ ಪಾತ್ರೆ ಮಗನ ಕೈಗೆ ಕೊಟ್ಟು ಮತ್ತೆ ಕೆಲಸಕ್ಕೆ ತಿರುಗುತ್ತಿದ್ದ. ದೊಡ್ಡವರಾದ ಮೇಲೆ ಅಬ್ಬೆಯವರೇ ಒಂದು ಭಾಷಣದಲ್ಲಿ ಇದನ್ನು ಹೇಳಿಕೊಂಡಿದ್ದಾರೆ.

ತಮ್ಮಾ, ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿದ್ದರು. ಸಾಂಚಾ ನೋಡಿಕೊಳ್ಳುವ ಕೆಲಸ. ನಾನು ಶಾಲೆಗೆ ಹೋಗುವ ಮುಂಚೆ ಗೇಟಿನ ತನಕ ರೊಟ್ಟಿ ಬುತ್ತಿ ಕೊಟ್ಟು ಬರುತ್ತಿದ್ದೆ. ಅಪ್ಪನ ಹುಬ್ಬಿನ ಮೇಲೆಲ್ಲ ಹತ್ತಿ ಎಳೆ ಕೂತಿರುತ್ತಿತ್ತು. ಒಳಗಿನ ಸದ್ದಿಗೆ ಕಿವಿ ಮಂದವಾಗಿತ್ತು, ಅದಕ್ಕೇ ಮನೆಯಲ್ಲೂ ಜೋರಾಗಿಯೇ ಮಾತಾಡುತ್ತಿದ್ದರು. ಗಿರಣಿ ಮುಚ್ಚಿದಾಗ ಅವರಿಗೆ ಬರಬೇಕಾದ ದುಡ್ಡು ಪೂರ್ತಿ ಬರಲೇ ಇಲ್ಲ. ಆ ಮಂಟಪದಲ್ಲಿ ನಿಂತು ನಾನು ಅತ್ತುಬಿಟ್ಟೆ. ಹಿರಿಯರು ಏನೂ ಕೇಳಲಿಲ್ಲ.

ಆ ಗಿರಣಿ ಹುಡುಗ ಓದಿ ಪ್ರಾಧ್ಯಾಪಕರಾದರು. 1866ರಿಂದ ಕಾರ್ಲ್ ಝೈಸ್ ಅವರ ಸೂಕ್ಷ್ಮದರ್ಶಕದ ವರ್ಕ್‌ಶಾಪಿನ ಜೊತೆ ಕೆಲಸ ಶುರು ಮಾಡಿದರು. ಅಲ್ಲಿಯ ತನಕ ಒಂದೊಂದು ಲೆನ್ಸನ್ನೂ ಹಾಕಿ ನೋಡಿ, ತೆಗೆದು ನೋಡಿ ಕೂರಿಸುತ್ತಿದ್ದರು. ಅಬ್ಬೆ ಮೊದಲೇ ಲೆಕ್ಕ ಹಾಕಿ ಮಾಡುವುದನ್ನು ತಂದರು. ಲೆಕ್ಕಕ್ಕೆ ತಕ್ಕ ಗಾಜು ಬೇಕಿತ್ತು. ಗಾಜಿನ ತಜ್ಞ ಓಟ್ಟೊ ಶಾಟ್ ಯೇನಾಕ್ಕೆ ಬಂದು, 1884ರಲ್ಲಿ ಇವರೆಲ್ಲ ಸೇರಿ ಗಾಜಿನ ಪ್ರಯೋಗಶಾಲೆ ತೆರೆದರು. ವ್ಯಾಪಾರ ಬೆಳೆಯಿತು, ಅಬ್ಬೆ ದೊಡ್ಡ ಶ್ರೀಮಂತರಾದರು. ಝೈಸ್ ತೀರಿಕೊಂಡ ಮರುವರ್ಷ, 1889ರಲ್ಲಿ, ಒಂದು ಪ್ರತಿಷ್ಠಾನ ಕಟ್ಟಿ, ಆಮೇಲೆ ತಮ್ಮ ಪಾಲನ್ನೆಲ್ಲ ಅದಕ್ಕೇ ಬರೆದುಕೊಟ್ಟರು. ಇವತ್ತಿಗೂ ಝೈಸ್, ಶಾಟ್ ಎರಡು ಕಂಪನಿಗಳ ಒಡೆತನ ಆ ಪ್ರತಿಷ್ಠಾನದ್ದೇ. ನಮ್ಮ ಬೊಮ್ಮಸಂದ್ರದಲ್ಲಿ ಝೈಸ್ ಬೋರ್ಡ್ ನೋಡಿರುತ್ತೀಯಲ್ಲ, ಅದರ ಬೇರು ಇಲ್ಲಿದೆ.

ಆ ಪ್ರತಿಷ್ಠಾನದ 1896ರ ನಿಯಮಾವಳಿ ಓದಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಮೇಲಿನ ಅಧಿಕಾರಿಯ ಸಂಬಳ ಕೆಲಸಗಾರರ ಸರಾಸರಿ ಗಳಿಕೆಯ 10 ಪಟ್ಟು ಮೀರಬಾರದು. ರಜೆಗೆ ಸಂಬಳ, ವಯಸ್ಸಾದರೆ ಪಿಂಚಣಿ, ತಪ್ಪಿಲ್ಲದೆ ತೆಗೆದರೆ ಪರಿಹಾರ. ಹುಟ್ಟು, ಧರ್ಮ, ಪಕ್ಷ ನೋಡಿ ಯಾರಿಗೂ ಭೇದ ಮಾಡುವ ಹಾಗಿಲ್ಲ. 1900ರಲ್ಲಿ ಎಂಟು ಗಂಟೆಯ ದಿನ ಬಂತು. ಜರ್ಮನಿಗೆಲ್ಲ ಅದು ಬರುವುದಕ್ಕೆ 1918 ಆಗಬೇಕಾಯಿತು. ಅಬ್ಬೆ ಇದನ್ನು ಬರೀ ಕರುಣೆಯಿಂದ ಮಾಡಿದ್ದಲ್ಲ, ಅಳೆದು ನೋಡಿದರು. ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದಾಗ ಗಂಟೆಗೆ ಆಗುವ ಕೆಲಸ ಶೇ 16ರಷ್ಟು ಏರಿತ್ತು. ಅಂದರೆ ದಿನದ ಕೆಲಸ ಕಮ್ಮಿ ಆಗಲಿಲ್ಲ, ಸ್ವಲ್ಪ ಜಾಸ್ತಿಯೇ ಆಯಿತು.

ಅದಕ್ಕೇ ಹೇಳುತ್ತೇನೆ, ಇಲ್ಲಿ ಸಂಜೆ ಹೊತ್ತಿಗೆ ಎದ್ದು ಹೋಗುವುದಕ್ಕೆ ನಾಚಬೇಡ. ಕಾನೂನು ಇರುವುದೇ ದಿನಕ್ಕೆ ಎಂಟು ಗಂಟೆ ಎಂದು. ಜಾಸ್ತಿ ಮಾಡಿದರೂ ಹತ್ತು ದಾಟಬಾರದು, ಆ ಹೆಚ್ಚಿನ ಗಂಟೆ ಆಮೇಲೆ ಸರಿಹೋಗಬೇಕು. ಮಾಡಿದ ಗಂಟೆಗಳನ್ನು ನೀನೇ ಬರೆದಿಟ್ಟುಕೋ. ವಾರಕ್ಕೆ ಐದು ದಿನದ ಕೆಲಸಕ್ಕೆ ವರ್ಷಕ್ಕೆ 20 ದಿನ ರಜೆ ಕಾನೂನಿನ ಹಕ್ಕು, ಹೆಚ್ಚಿನ ಕಂಪನಿಗಳು ಅದಕ್ಕಿಂತ ಜಾಸ್ತಿ ಕೊಡುತ್ತವೆ. ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್. ಆಗ ಎಲ್ಲಕ್ಕೂ ತಲೆಯಾಡಿಸುವುದು ನಮ್ಮವರಲ್ಲಿ ಜಾಸ್ತಿ. ಕಂಪನಿಯಲ್ಲಿ ಕಾರ್ಮಿಕರು ಆರಿಸಿದ ಮಂಡಳಿ ಇದ್ದರೆ ಮೊದಲ ವಾರವೇ ಹೋಗಿ ಪರಿಚಯ ಮಾಡಿಕೋ.

ಪ್ರಮೋಷನ್ ಬೇಗ ಬೇಕು ಅಂದರೆ ಈ ಊರು ನಿನಗೆ ನಿಧಾನ ಅನಿಸುತ್ತದೆ. ಹತ್ತು ವರ್ಷ ಕೋಟಿಂಗ್ ಒಂದನ್ನೇ ಮಾಡಿದವರಿಗೆ ಇಲ್ಲಿ ಗೌರವ ಇದೆ. ನನಗೆ ಅದು ಇಷ್ಟವಾಯಿತು.

ಭಾಷೆ ಕಲಿಯಲೇಬೇಕು. ಮೀಟಿಂಗ್ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜ. ಆದರೆ ಕೈಕೆಲಸದ ಗುಟ್ಟು ಟೀ ಹೊತ್ತಿನ ಜರ್ಮನ್ ಮಾತಿನಲ್ಲಿ ಇರುತ್ತದೆ. ಆ ಉಂಗುರಗಳ ಬಗ್ಗೆ ಆ ಹಿರಿಯರಿಗೆ ಗೊತ್ತಿದ್ದದ್ದು ಒಂದೂ ಇಂಗ್ಲಿಷಿನಲ್ಲಿ ಇರಲಿಲ್ಲ. ವೀಸಾ ಕಾಗದದ ವಿಷಯದಲ್ಲೂ ಲಾಭ ಇದೆ. ಬ್ಲೂ ಕಾರ್ಡ್, ಅಂದರೆ ಪದವಿ ಪಡೆದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ, ಇರುವವರಿಗೆ ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಅನುಮತಿ ಸಿಗುತ್ತದೆ, ಎ1 ಎಂಬ ಆರಂಭದ ಮಟ್ಟ ಮಾತ್ರ ಇದ್ದರೆ 27.

ಮೂರನೇ ಪ್ರಶ್ನೆಗೆ ಉತ್ತರ ಹೇಳುವಾಗ ಮನಸ್ಸು ಭಾರವಾಗುತ್ತದೆ. ಆ ನಿಯಮಾವಳಿ ಬರೆದ ಊರಿನಲ್ಲೇ, ನಾಝಿಗಳ ಕಾಲದಲ್ಲಿ ಬಲವಂತದಿಂದ ತಂದ ಜನರನ್ನು ಕಾರ್ಖಾನೆಗಳಲ್ಲಿ ದುಡಿಸಿದರು. 2000ದಿಂದ 2007ರ ತನಕ ಹತ್ತು ಜನರನ್ನು ಕೊಂದ ನವನಾಝಿ ಗುಂಪಿನ ಮೂವರು ಬೆಳೆದದ್ದು ಯೇನಾದಲ್ಲಿ. ಸತ್ತವರಲ್ಲಿ ಹೆಚ್ಚಿನವರು ವಲಸೆ ಬಂದ ಕುಟುಂಬದವರು, ಸಣ್ಣ ವ್ಯಾಪಾರ ಮಾಡಿಕೊಂಡಿದ್ದವರು. 2024ರಲ್ಲಿ ನಮ್ಮ ತುರಿಂಗಿಯಾ ರಾಜ್ಯದ ಚುನಾವಣೆಯಲ್ಲಿ ವಲಸೆ ವಿರೋಧಿ ಬಲಪಂಥದ ಪಕ್ಷವಾದ ಎಎಫ್‌ಡಿ ಶೇ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಯೇನಾ ವಿಶ್ವವಿದ್ಯಾಲಯದ ಊರು, ಹೊರಗಿನವರು ಬಹಳ ಇದ್ದಾರೆ, ಒಳಗೆ ನಾನು ನೆಮ್ಮದಿಯಿಂದ ಓಡಾಡುತ್ತೇನೆ. ಸುತ್ತಲಿನ ಸಣ್ಣ ಊರುಗಳಿಗೆ ರಾತ್ರಿ ಒಬ್ಬಳೇ ಹೋಗುವುದಿಲ್ಲ. ಫೋನಿನಲ್ಲಿ ನನ್ನ ಹೆಸರು ಕೇಳಿದ ತಕ್ಷಣ ಮನೆ ಖಾಲಿ ಇಲ್ಲ ಎಂದವರೂ ಇದ್ದಾರೆ.

ಇಲ್ಲಿನವರ ನೋವೂ ನಿನಗೆ ಗೊತ್ತಿರಲಿ. 1945ರಲ್ಲಿ ಅಮೆರಿಕನ್ನರು ಝೈಸ್‌ನ ಮುಖ್ಯ ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದರು. ಆಮೇಲೆ ಬಂದ ಸೋವಿಯತ್ತರು ಯಂತ್ರಗಳನ್ನೂ ಜನರನ್ನೂ ಒಯ್ದರು. ಉಳಿದವರು ಮತ್ತೆ ಕಟ್ಟಿದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಸಾವಿರಾರು ಜನರ ಕೆಲಸ ಹೋಯಿತು. ನನಗೆ ಕಲಿಸಿದ ಆ ಹಿರಿಯರೂ 1991ರಲ್ಲಿ ಕೆಲಸ ಕಳೆದುಕೊಂಡವರೇ. ಮೂರು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರಂತೆ. ಮುಖ್ಯ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಅದರೊಳಗೆ ನಡೆಯುವಾಗ ತಮ್ಮ ಯಂತ್ರ ಇದ್ದ ಜಾಗವನ್ನು ಅವರು ನನಗೆ ಕಾಲಿನಿಂದ ತೋರಿಸಿದರು. ಈಗ ಅಲ್ಲಿ ಚಪ್ಪಲಿ ಅಂಗಡಿ. ದಾವಣಗೆರೆಯಲ್ಲಿ ಗಿರಣಿ ಇದ್ದ ಕಡೆ ಹೋದಾಗ ನಮ್ಮಪ್ಪನೂ ಹಾಗೆಯೇ ತೋರಿಸುತ್ತಿದ್ದರು. ಈ ನೋವಿನ ಹೆಸರಿನಲ್ಲಿ ಬೇರೆಯವರನ್ನು ದ್ವೇಷಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ಪಕ್ಕದ ಮನೆಯವರು ಮೊದಲ ದಿನ ನಗಲಿಲ್ಲ ಎಂದು ಅವರನ್ನು ಕೆಟ್ಟವರೆಂದು ತಿಳಿಯಬೇಡ. ಜರ್ಮನ್‌ನಲ್ಲಿ ಎರಡು ಮಾತಾಡು, ಎಲ್ಲಿ ಕೆಲಸಕ್ಕಿದ್ದಿರಿ ಎಂದು ಕೇಳು. ಬಹಳ ಜನರಿಗೆ ಅದನ್ನು ಯಾರೂ ಕೇಳಿರುವುದಿಲ್ಲ.

ಬರುವುದಾದರೆ ವಸಂತಕ್ಕೆ ಬಾ, ನವೆಂಬರಿಗೆ ಬೇಡ. ನವೆಂಬರಿನ ಕತ್ತಲು ಹೊಸಬರಿಗೆ ತುಂಬಾ ಕಷ್ಟ. ಮನೆ ಸೇರಿದ ಎರಡು ವಾರದೊಳಗೆ ವಿಳಾಸದ ನೋಂದಣಿ ಮಾಡಿಸಬೇಕು, ಬ್ಯಾಂಕಿನ ಕೆಲಸಕ್ಕೂ ಆ ಕಾಗದ ಕೇಳುತ್ತಾರೆ. ನಿಮ್ಮಮ್ಮ ಬೆಣ್ಣೆ, ತುಪ್ಪ, ಪೇಡ ಕಟ್ಟಿಕೊಟ್ಟರೆ ಬೇಡ ಅನ್ನು, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬಂದ ಮೊದಲ ಭಾನುವಾರ ನಮ್ಮ ಮನೆಗೇ ಊಟಕ್ಕೆ ಬಾ. ಮಧ್ಯಾಹ್ನ ಆ ಹಿರಿಯರೂ ಬರುತ್ತಾರೆ, ನಿವೃತ್ತರಾದರೂ ಅಳತೆಯ ಗಾಜೊಂದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಉಂಗುರ ಎಣಿಸುವುದನ್ನು ನಿನಗೂ ತೋರಿಸಿ ಎಂದು ಹೇಳಿದ್ದೇನೆ.